ಮನೆಯ ಬೆಲೆಯಲ್ಲಿ ಊರಿನ ಪಾಲು

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಮನೆಯೊಂದು ಮಾರಾಟಕ್ಕಿದೆಯೆಂಬ ಸುದ್ದಿ ಹೊರಬಿದ್ದೊಡನೆ ಅದರ ಸುತ್ತ ಹುಟ್ಟಿಕೊಳ್ಳುವ ಮಾತುಗಳಲ್ಲಿ ಮನೆಯ ವಿಷಯ ಬಲು ಕಡಿಮೆ. ನಿವೇಶನ ಅರವತ್ತು ನಲವತ್ತೋ ಎಂಬತ್ತು ಅರವತ್ತೋ, ಮೂಲೆಯದೋ ನಡುವಿನದೋ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ, ಮುಂದಿನ ರಸ್ತೆ ಎಷ್ಟು ಅಡಿ, ಖಾತೆ ಯಾರ ಹೆಸರಿನಲ್ಲಿದೆ, ಅಮೆರಿಕದಲ್ಲಿರುವ ತಮ್ಮನೂ ಬೆಂಗಳೂರಿನಲ್ಲಿರುವ ತಂಗಿಯೂ ರುಜು ಹಾಕಲು ಒಪ್ಪಿದ್ದಾರೋ ಇಲ್ಲವೋ ಎಂಬಲ್ಲಿಗೆ ದಲ್ಲಾಳಿಯ ಪ್ರಶ್ನೆಗಳು ಮುಗಿಯುತ್ತವೆ. ಅರ್ಧ ಶತಮಾನ ಒಂದು ಸಂಸಾರವನ್ನು ಹೊತ್ತು ನಿಂತ ಗೋಡೆ, ತೇಗದ ಬಾಗಿಲು, ಕೆಂಪು ಗಾರೆಯ ನೆಲ, ಹಿತ್ತಲಿನ ತೆಂಗು ಮಾವುಗಳೆಲ್ಲವೂ ‘ಹಳೇ ಬಿಲ್ಡಿಂಗು, ಕೆಡವೋದಕ್ಕೆ ಬೇರೆ ಖರ್ಚು’ ಎಂಬ ಒಂದೇ ಮಾತಿನೊಳಗೆ ಅಡಗಿಹೋಗಿ, ಬೆಲೆಗೆ ಕೂಡತಕ್ಕವಾಗುವುದರ ಬದಲು ಬೆಲೆಯಿಂದ ಕಳೆಯತಕ್ಕ ಬಾಬುಗಳಾಗುತ್ತವೆ.

ಹಾಗಾದರೆ ಕೊಳ್ಳುವವನು ತೆರುವ ಆ ದೊಡ್ಡ ಮೊತ್ತ ಯಾವುದರ ಬೆಲೆ? ಗೋಡೆಯದಲ್ಲವೆಂಬುದನ್ನು ದಲ್ಲಾಳಿಯೇ ಒಪ್ಪಿಕೊಂಡಾಯಿತು. ಮಣ್ಣಿನದೆನ್ನೋಣವೆಂದರೆ ಇದೇ ಕೆಂಪುಮಣ್ಣು ಇಲವಾಲದಾಚೆ ಇದರ ಅಲ್ಪಾಂಶಕ್ಕೆ ದೊರೆಯುತ್ತದೆ. ಉಳಿದದ್ದು, ಆ ನಿವೇಶನದ ನಾಲ್ಕು ಚಕ್ಕುಬಂದಿಗಳ ಹೊರಗೆ ಏನೇನಿದೆಯೋ ಅದರ ಬೆಲೆ: ಸಾಲುಮರಗಳ ರಸ್ತೆ, ನಲ್ಲಿಯಲ್ಲಿ ಬರುವ ಕಾವೇರಿ, ನಡೆದುಹೋಗುವಷ್ಟು ದೂರದಲ್ಲಿರುವ ಮಹಾಜನ ಕಾಲೇಜು, ಕಾಳಿದಾಸ ರಸ್ತೆಯ ಅಂಗಡಿಸಾಲು, ಮಾನಸಗಂಗೋತ್ರಿಯ ಹಸುರು, ಸಂಜೆಯ ಹೊತ್ತಿನಲ್ಲಿ ಹೆದರಿಕೆಯಿಲ್ಲದೆ ತಿರುಗಾಡಬಹುದಾದ ನೆರೆಹೊರೆ. ಇವುಗಳಲ್ಲಿ ಯಾವೊಂದನ್ನೂ ಮಾರುವವನು ನಿರ್ಮಿಸಿದವನಲ್ಲ. ಆದರೂ ಕ್ರಯಪತ್ರಕ್ಕೆ ರುಜು ಹಾಕುವಾಗ ಇವೆಲ್ಲವುಗಳ ಬೆಲೆಯನ್ನೂ ಅವನೊಬ್ಬನೇ ಎಣಿಸಿಕೊಳ್ಳುತ್ತಾನೆ. ಅವನು ಎಣಿಸಿಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಆ ಹಣದಲ್ಲಿ ಊರಿನದೂ ಒಂದು ಪಾಲುಂಟು, ಆ ಪಾಲನ್ನು ಕೇಳುವ ಕ್ರಮ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ ಎಂಬುದಷ್ಟೇ ನನ್ನ ವಾದ.

ಚಕ್ಕುಬಂದಿಯ ಹೊರಗಿನ ಈ ಸಂಪತ್ತು ಹೇಗೆ ಸಂಚಯವಾಯಿತೆಂಬುದನ್ನು ತುಸು ವಿಸ್ತಾರವಾಗಿಯೇ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗು ಮಹಾಮಾರಿ ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳನ್ನು ಬಡಿದುಹಾಕಿದ ಮೇಲೆ, ಊರನ್ನು ಬಿಡಿಸಿ ಹರಡದೆ ಬದುಕಿಲ್ಲವೆಂದು ಮನಗಂಡ ಮೈಸೂರು ಸಂಸ್ಥಾನ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಿತು. ಇಂದಿಗೂ ‘ಇದು ಸಿಐಟಿಬಿ ಸೈಟು’ ಎಂದು ಮಾರುವವನು ಎದೆಯುಬ್ಬಿಸಿ ಹೇಳುವುದು ಆ ಮಂಡಳಿ ಎಳೆದ ಗೆರೆಗಳ ನಂಬಿಕೆಯ ಮೇಲೆಯೇ. ಅಗಲವಾದ ಬೀದಿ, ಮನೆಮನೆಯ ನಡುವೆ ಬಯಲು, ಮೋರಿಗೆ ಇಳಿಜಾರು, ಇವು ಆ ಕಾಲದಲ್ಲಿ ಸೌಂದರ್ಯಕ್ಕಾಗಿ ಬಂದವಲ್ಲ, ಪ್ರಾಣಭಯದಿಂದ ಬಂದವು. ತರುವಾಯ ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮಿಪುರಂ, ಗೋಕುಲಂಗಳ ಕಡೆಗೆ ಊರು ಕೈಚಾಚುತ್ತ ಹೋದಂತೆ ಪಡುವಾರಹಳ್ಳಿ, ಕುಂಬಾರಕೊಪ್ಪಲುಗಳಂಥ ಹಳ್ಳಿಗಳು ಹೊಲಗದ್ದೆ ಕಳೆದುಕೊಂಡು ಬಡಾವಣೆಗಳ ನಡುವೆ ದ್ವೀಪಗಳಂತೆ ಉಳಿದವು. ಆ ಹಳ್ಳಿಗಳ ಹೊಲವೇ ಇಂದಿನ ನಿವೇಶನವಾದರೂ ಅಂದಿನ ಪರಿಹಾರದ ಹಣಕ್ಕೂ ಇಂದಿನ ಕ್ರಯದ ಹಣಕ್ಕೂ ಇರುವ ಅಂತರವನ್ನು ಲೆಕ್ಕ ಹಾಕಿದವರು ಯಾರೂ ಇಲ್ಲ.

1916ರಲ್ಲಿ ವಿಶ್ವವಿದ್ಯಾನಿಲಯ ಬಂದಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಬಾನುಲಿಯನ್ನು ಹೊರಡಿಸಿದರು. ಮನೆಯೆಂಬುದು ಚದರಡಿಗೆ ಇಷ್ಟೆಂದು ಅಳೆಯುವ ಪದಾರ್ಥಕ್ಕಿಂತ ಹೆಚ್ಚಿನದಾಗಬಲ್ಲುದೆಂಬುದಕ್ಕೆ ಆ ಬೀದಿಗಳಲ್ಲಿ ಸಾಕ್ಷ್ಯಗಳಿಗೆ ಕೊರತೆಯಿಲ್ಲ. ಕುವೆಂಪು ಅವರ ‘ಉದಯರವಿ’ಯೂ ಅಲ್ಲಿಯದೇ. 1950ರಲ್ಲಿ ಚೆಲುವಾಂಬ ಭವನದಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ನೆಲೆಸಿತು. ಹೀಗೆ ಅಧ್ಯಾಪಕರೂ ವಿಜ್ಞಾನಿಗಳೂ ಗುಮಾಸ್ತರೂ ಬಂದು ನೆಲೆಯೂರಿದ ಈ ಪಡುವಣ ಭಾಗಕ್ಕೆ ಯಂತ್ರದ ಸದ್ದು ಸೇರಿದ್ದು ಅದಾದ ಮೇಲೆ.

ಜಯಲಕ್ಷ್ಮಿಪುರಂ ಸ್ವತಃ ಕಾರ್ಖಾನೆಗಳ ಕೇರಿಯಾಗಿರಲಿಲ್ಲ. ಕಾರ್ಖಾನೆಗಳ ಮಗ್ಗುಲಲ್ಲಿ ಬೆಳೆದ ಬಡಾವಣೆ ಅದು. ಪಕ್ಕದ ಯಾದವಗಿರಿಯಲ್ಲಿ ಇರಾನಿ ಮನೆತನದವರು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಸಹಯೋಗದೊಡನೆ 1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ತೆರೆದರು. ಅಲ್ಲಿಂದ ಹೊರಟ ಜಾವಾ, ಮುಂದೆ 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಟ ಮೋಟಾರು ಸೈಕಲ್ಲುಗಳು ದೇಶದ ಹೆದ್ದಾರಿಗಳಲ್ಲಿ ಮೈಸೂರಿನ ಹೆಸರನ್ನು ಗುಡುಗಿಸಿದವು. ಇತ್ತ ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಸ್ಟುಡಿಯೊ ಇತ್ತು. ಸಿನಿಮಾವನ್ನು ನಾವು ಕಲೆಯೆನ್ನುತ್ತೇವೆ, ಕಲೆಯೇ ಸರಿ. ಆದರೆ ಬಡಗಿ, ಬಣ್ಣ ಬಳಿಯುವವನು, ವಿದ್ಯುತ್ ಕೆಲಸದವನು, ದರ್ಜಿ, ಅಡುಗೆಯವನು, ಗಾಡಿ ಓಡಿಸುವವನು ಇವರೆಲ್ಲರ ದಿನಗೂಲಿಯ ದೃಷ್ಟಿಯಿಂದ ನೋಡಿದರೆ ಸ್ಟುಡಿಯೊವೂ ಒಂದು ಕಾರ್ಖಾನೆಯಲ್ಲದೆ ಮತ್ತೇನು? ಕನ್ನಡ ಚಿತ್ರರಂಗದ ಎಷ್ಟೋ ಅರಮನೆಗಳೂ ಗುಡಿಸಲುಗಳೂ ಆ ಆವರಣದಲ್ಲಿ ಎದ್ದು ಬಿದ್ದವು. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿ ಹೊತ್ತಿಕೊಂಡ ಬೆಂಕಿಗೆ 62 ಮಂದಿ ಬಲಿಯಾದರು. ನಾಯಕನಟನೂ ನಿರ್ದೇಶಕನೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟ ಗಾಯಗಳೊಡನೆ ಬದುಕಿ ಉಳಿದುದು ಎಲ್ಲರಿಗೂ ನೆನಪಿದೆ. ಸತ್ತವರ ನೆನಪು ಅವರವರ ಮನೆಗಳಿಗೆ ಉಳಿಯಿತು.

ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಮರಳಿ ಮಾರುಕಟ್ಟೆಗೆ ಬಂದುದೇನೋ ನಿಜ. ಆದರೆ ಆ ಹೊಸ ವಾಹನಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರಿಗೆ ಪುನರ್ಜನ್ಮವುಂಟು, ಹೆಸರು ಮಾಡಿಕೊಟ್ಟ ಬೀದಿಗೆ ಅದರ ಫಲವಿಲ್ಲ.

ಕಾರ್ಖಾನೆ ಮುಚ್ಚಿದರೆ ಸುತ್ತಲಿನ ಮನೆಗಳ ಬೆಲೆ ಕುಸಿಯುವುದು ಲೋಕದಲ್ಲಿ ಕಾಣುವ ನಿಯಮ. ಇಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣಗಳು ಬೇರೆಯವು. ಹೆಬ್ಬಾಳದಲ್ಲಿ ಇನ್ಫೋಸಿಸ್ಸಿನ ವಿಶಾಲವಾದ ಆವರಣ ತಲೆಯೆತ್ತಿತು. ಮೇಟಗಳ್ಳಿ, ಹೂಟಗಳ್ಳಿಗಳ ಕಡೆ ದುಡಿಯುವ ಎಂಜಿನಿಯರುಗಳಿಗೆ ಈ ಭಾಗ ಹತ್ತಿರವೂ ಆಗಿತ್ತು, ಪ್ರಶಾಂತವೂ ಆಗಿತ್ತು. 2002ರ ಸುಮಾರಿಗೆ ಯೋಗಾಚಾರ್ಯ ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಿಂದ ಗೋಕುಲಂಗೆ ತಮ್ಮ ಶಾಲೆಯನ್ನು ಸಾಗಿಸಿದ ಮೇಲೆ ನಾನಾ ದೇಶಗಳ ಶಿಷ್ಯರು ತಿಂಗಳುಗಟ್ಟಲೆ ತಂಗುವುದಕ್ಕೆ ಕೊಠಡಿ ಹುಡುಕುತ್ತ ಬಂದರು. ಅವರು ಸುಲಭವಾಗಿ ತೆರುವ ಬಾಡಿಗೆ ಇಲ್ಲಿಯ ಸಂಬಳದ ಅಳತೆಗೆ ಸಿಕ್ಕುವಂಥದಾಗಿರಲಿಲ್ಲ. ಮಹಡಿಯನ್ನು ಗುಮಾಸ್ತನ ಸಂಸಾರಕ್ಕೆ ವರ್ಷಾನುಗಟ್ಟಲೆ ಬಾಡಿಗೆಗೆ ಕೊಡುತ್ತಿದ್ದ ಯಜಮಾನನು ಋತುಮಾನದ ಬಾಡಿಗೆಯ ರುಚಿ ಕಂಡನು. ಬೆಂಗಳೂರಿನ ದಟ್ಟಣೆಗೆ ಬೇಸತ್ತು ನಿವೃತ್ತಿಯ ಬದುಕಿಗೆ ಮೈಸೂರನ್ನು ಆರಿಸಿಕೊಂಡವರು, ಹೊರದೇಶದಲ್ಲಿದ್ದುಕೊಂಡೇ ತವರಿನಲ್ಲೊಂದು ಮನೆಯಿರಲೆಂದು ಹಂಬಲಿಸುವವರು, ಇವರೂ ಸೇರಿಕೊಂಡರು. ಹೀಗಾಗಿ ದುಡಿಮೆಯ ಊರು ವಾಸದ ಊರಾಯಿತು, ವಾಸದ ಊರು ಹೂಡಿಕೆಯ ಊರಾಗುತ್ತಿದೆ.

ಈ ಪರಿವರ್ತನೆಯನ್ನು ನಿಂದಿಸಿ ಪ್ರಯೋಜನವಿಲ್ಲ. ಮುಚ್ಚಿದ ಕಾರ್ಖಾನೆಯ ತುಕ್ಕಿಗಿಂತ ದೀಪ ಹತ್ತಿದ ಮನೆ ಮೇಲು. ಆದರೆ ಪ್ಲೇಗಿನ ಕಾಲದ ಯೋಜಕರು, ಹೊಲ ಕಳೆದುಕೊಂಡ ಒಕ್ಕಲಿಗರು, ತೆರಿಗೆ ತೆತ್ತ ನಾಲ್ಕು ತಲೆಮಾರು, ಪಾಳಿಯ ಮೇಲೆ ದುಡಿದ ಕಾರ್ಮಿಕರು, ಇವರೆಲ್ಲರೂ ಸೇರಿ ಕಟ್ಟಿದ ಬೆಲೆಯನ್ನು ಕೊನೆಯಲ್ಲಿ ಇಬ್ಬರೇ ಕುಳಿತು ಹಂಚಿಕೊಳ್ಳುವುದು, ಜಾತ್ರೆಯ ಅಡುಗೆಗೆ ಊರೆಲ್ಲ ಸೌದೆ ಹೊತ್ತು ತಂದು ಪಂಕ್ತಿಯಲ್ಲಿ ಎರಡೇ ಎಲೆ ಹಾಕಿದಂತಲ್ಲವೆ?

ತೆರಿಗೆಯ ರೂಪದಲ್ಲಿ ಊರಿಗೆ ಪಾಲು ಸಂದಾಯವಾಗುತ್ತಲೇ ಇದೆಯಲ್ಲ ಎಂದು ಕೇಳುವವರುಂಟು. ಲೆಕ್ಕವನ್ನು ನೋಡೋಣ. 45 ಲಕ್ಷಕ್ಕೆ ಮೇಲ್ಪಟ್ಟ ಕ್ರಯಕ್ಕೆ ಕರ್ನಾಟಕದಲ್ಲಿ ಶೇಕಡ 5ರ ಮುದ್ರಾಂಕ ಶುಲ್ಕ. ಅದರ ಮೇಲೆ ಶೇಕಡ 10ರ ಉಪಕರ, ನಗರಗಳಲ್ಲಿ ಶೇಕಡ 2ರ ಅಧಿಭಾರ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡ 2. ಒಟ್ಟಿನಲ್ಲಿ ನೂರಕ್ಕೆ ಏಳು ರೂಪಾಯಿ ಅರವತ್ತು ಪೈಸೆ. ಇದರಲ್ಲಿ ಊರಿನ ಪಾಲಿಗೆಂದು ಇರುವ ಅಧಿಭಾರವೆಂಬುದು ನೂರು ರೂಪಾಯಿಗೆ ಹತ್ತು ಪೈಸೆ ಮಾತ್ರ. ಮಿಕ್ಕದ್ದು ರಾಜ್ಯದ ಬೊಕ್ಕಸದ ಸಮುದ್ರಕ್ಕೆ ಸೇರುತ್ತದೆ. ಮಾರಿದವನ ಲಾಭದ ಮೇಲಿನ ತೆರಿಗೆ ದೆಹಲಿಗೆ ಹೋಗುತ್ತದೆ. ಬೆಲೆಯನ್ನು ಹುಟ್ಟಿಸಿದ ಬೀದಿಗೆ, ಆ ಬೀದಿಯ ಮೋರಿಗೆ, ಆ ಮೋರಿಯನ್ನು ಬಳಿಯುವ ಪೌರಕಾರ್ಮಿಕನು ಬಾಡಿಗೆಗೆ ಇರಬಹುದಾದ ಮನೆಗೆ, ಆ ಕ್ರಯದಿಂದ ಹರಿದುಬರುವುದು ಗಣನೆಗೆ ಬರುವಷ್ಟಿಲ್ಲ.

ಅದರ ಮೇಲೆ ಆ ಲೆಕ್ಕವೂ ನಿಜವಾದ ಬೆಲೆಯ ಮೇಲೆ ನಡೆಯುವುದಿಲ್ಲ. ಮಾರ್ಗಸೂಚಿ ದರವೆಂದು ಸರ್ಕಾರ ನಿಗದಿ ಮಾಡಿದ ಬೆಲೆಯೊಂದು, ಮಾತುಕತೆಯ ಬೆಲೆಯೊಂದು. ಇವೆರಡರ ನಡುವಿನ ಕಂದರವನ್ನು ‘ವೈಟು ಇಷ್ಟು, ಬ್ಲಾಕು ಇಷ್ಟು’ ಎಂಬ ಸರ್ವಜನಮಾನ್ಯವಾದ ಪರಿಭಾಷೆ ತುಂಬುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿಯನ್ನಾಗಲಿ ಅದಕ್ಕೆ ಮೇಲ್ಪಟ್ಟ ಮೊತ್ತವನ್ನಾಗಲಿ ನಗದಾಗಿ ಪಡೆಯಕೂಡದೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ವೇದಪಾಠ ಹೇಳಿಕೊಟ್ಟ ಮನೆಯಲ್ಲಿಯೇ, ನೀತಿಶಾಸ್ತ್ರ ಬೋಧಿಸಿದ ಪ್ರಾಧ್ಯಾಪಕರ ಮನೆಯಲ್ಲಿಯೇ, ಈ ನಿಯಮ ಉಲ್ಲಂಘನೆಯಾಗುವಾಗ ಯಾರ ಮುಖದಲ್ಲಿಯೂ ಲಜ್ಜೆ ಕಾಣುವುದಿಲ್ಲ. ‘ಎಲ್ಲರೂ ಮಾಡುವುದೇ’ ಎಂಬ ಮಾತು ಎಲ್ಲವನ್ನೂ ಶುದ್ಧಿ ಮಾಡಿಬಿಡುತ್ತದೆ. ಬ್ಯಾಂಕಿನ ಸಾಲದ ಮೇಲೆ ಮನೆ ಕೊಳ್ಳಹೊರಟ ಸಂಬಳದಾರನಿಗೆ ಈ ಪದ್ಧತಿಯಿಂದಾಗುವ ಅನ್ಯಾಯವನ್ನು ಯಾರೂ ಯೋಚಿಸುವುದಿಲ್ಲ: ಬ್ಯಾಂಕು ಸಾಲ ಕೊಡುವುದು ಪತ್ರದ ಬೆಲೆಗೆ, ಮಾರುವವನು ಕೇಳುವುದು ಪತ್ರದಲ್ಲಿಲ್ಲದ ಬೆಲೆಯನ್ನು. ಪ್ರಾಮಾಣಿಕನಾದವನು ಜಯಲಕ್ಷ್ಮಿಪುರಂ ಬಿಟ್ಟು ವರ್ತುಲ ರಸ್ತೆಯಾಚೆ ಹೋಗುತ್ತಾನೆ.

ಈಗ ಇನ್ನೊಂದು ವಿಷಯಕ್ಕೆ ಬರುತ್ತೇನೆ. ಓದುಗರು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ, ಏಕೆಂದರೆ ಇದರಲ್ಲಿ ಅಡಗಿರುವ ಅಪಾಯ ಕೊಳ್ಳುವವರಿಗೆ ತಿಳಿದಂತೆ ತೋರುವುದಿಲ್ಲ. ಜಯಲಕ್ಷ್ಮಿಪುರಂ, ಗೋಕುಲಂಗಳಲ್ಲಿ ಹಳೆಯ ಮನೆ ಮಾರಾಟವಾದಾಗ ಅದೇ ಸ್ಥಳದಲ್ಲಿ ಹೊಸ ಮನೆ ಏಳುವುದಕ್ಕಿಂತ ನಾಲ್ಕೋ ಆರೋ ಎಂಟೋ ವಸತಿಗಳ ಸಣ್ಣ ಅಪಾರ್ಟ್‌ಮೆಂಟು ಏಳುವುದು ಈಚಿನ ರೂಢಿ. ಹಳೆಯ ಯಜಮಾನನಿಗೆ ಒಂದೆರಡು ವಸತಿ, ಉಳಿದವು ನಿರ್ಮಾಪಕನಿಗೆ, ‘ಜಾಯಿಂಟ್ ಡೆವಲಪ್‌ಮೆಂಟ್’ ಎಂದು ಒಪ್ಪಂದ. ಕೊಳ್ಳುವವರ ರಕ್ಷಣೆಗೆಂದು 2016ರಲ್ಲಿ ಸಂಸತ್ತು ಅಂಗೀಕರಿಸಿದ, ಜನ ರೇರಾ ಎಂದು ಕರೆಯುವ ಕಾಯಿದೆಯೊಂದುಂಟಷ್ಟೆ. ನಿರ್ಮಾಪಕನು ಯೋಜನೆಯನ್ನು ನೋಂದಾಯಿಸತಕ್ಕದ್ದು. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇಕಡ 70ನ್ನು ಪ್ರತ್ಯೇಕ ಖಾತೆಯಲ್ಲಿರಿಸಿ ಅದೇ ಯೋಜನೆಗೆ ವೆಚ್ಚ ಮಾಡತಕ್ಕದ್ದು. ನಕ್ಷೆ, ಹಕ್ಕುಪತ್ರ, ಮುಗಿಸುವ ದಿನಾಂಕ ಎಲ್ಲವನ್ನೂ ಬಹಿರಂಗಪಡಿಸತಕ್ಕದ್ದು. ಕಟ್ಟಡದ ರಚನೆಯಲ್ಲಿ ಐದು ವರ್ಷದೊಳಗೆ ದೋಷ ಕಂಡರೆ ಸ್ವಂತ ಖರ್ಚಿನಲ್ಲಿ ಸರಿಪಡಿಸತಕ್ಕದ್ದು. ಇವೆಲ್ಲ ಒಳ್ಳೆಯ ವಿಧಿಗಳೇ. ಆದರೆ ನಿವೇಶನ 500 ಚದರ ಮೀಟರನ್ನು ಮೀರದಿದ್ದರೆ, ಅಥವಾ ವಸತಿಗಳ ಸಂಖ್ಯೆ ಎಂಟನ್ನು ಮೀರದಿದ್ದರೆ, ನೋಂದಣಿ ಬೇಕಾಗಿಲ್ಲವೆಂದು ಅದೇ ಕಾಯಿದೆಯ ಮೂರನೆಯ ಪ್ರಕರಣ ಹೇಳುತ್ತದೆ.

ಅರವತ್ತು ನಲವತ್ತರ ನಿವೇಶನವೆಂದರೆ 2,400 ಚದರಡಿ, ಎಂದರೆ ಸುಮಾರು 223 ಚದರ ಮೀಟರು. ಎಂಬತ್ತು ಅರವತ್ತರದು, ನಮ್ಮ ಬಡಾವಣೆಗಳ ಲೆಕ್ಕದಲ್ಲಿ ಭಾರಿ ನಿವೇಶನ, ಅದೂ 4,800 ಚದರಡಿ, 446 ಚದರ ಮೀಟರು. ಎಂದಮೇಲೆ ಸಿಐಟಿಬಿಯವರು ಪ್ಲೇಗಿಗೆ ಹೆದರಿ ಅಗಲವಾಗಿಯೇ ಅಳೆದುಕೊಟ್ಟ ಈ ನಿವೇಶನಗಳಲ್ಲಿ ಬಹುಪಾಲು ಆ ಕಾಯಿದೆಯ ಜಾಲರಿಯಲ್ಲಿ ನುಸುಳಿಹೋಗತಕ್ಕವು. ಊರ ಹೊರಗಿನ ನೂರಾರು ವಸತಿಗಳ ಗೋಪುರದಲ್ಲಿ ಮನೆ ಕೊಂಡವನಿಗೆ ಪ್ರಾಧಿಕಾರದ ನೋಂದಣಿಯ ಆಸರೆಯಿದೆ. ನೆಮ್ಮದಿಯ ಬಡಾವಣೆಯೆಂದು ಹೆಚ್ಚು ಹಣ ತೆತ್ತು ಜಯಲಕ್ಷ್ಮಿಪುರಂನ ಆರು ವಸತಿಯ ಕಟ್ಟಡದಲ್ಲಿ ಕೊಂಡವನಿಗೆ ಆ ಆಸರೆಯಿಲ್ಲ. ಗ್ರಾಹಕ ನ್ಯಾಯಾಲಯವುಂಟು, ಸಿವಿಲ್ ನ್ಯಾಯಾಲಯವುಂಟು, 1972ರ ಅಪಾರ್ಟ್‌ಮೆಂಟ್ ಕಾಯಿದೆಗಳುಂಟು ಎನ್ನಬಹುದು. ಉಂಟು; ಆದರೆ ಅವು ಕೆಟ್ಟ ಮೇಲೆ ನೆರವಾಗತಕ್ಕವು, ಕೆಡದಂತೆ ಕಾಯತಕ್ಕವಲ್ಲ. ಎಷ್ಟೋ ಸಂದರ್ಭಗಳಲ್ಲಿ ಆರು ಮನೆಯವರು ಸಂಘವನ್ನೂ ನೋಂದಾಯಿಸದೆ, ನೆಲದಲ್ಲಿ ತಮಗಿರುವ ಅವಿಭಕ್ತ ಹಕ್ಕಿನ ಪ್ರಮಾಣವನ್ನೂ ಸರಿಯಾಗಿ ತಿಳಿಯದೆ, ಲಿಫ್ಟು ಕೆಟ್ಟ ದಿನ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ.

ಕೊಳ್ಳುವವರಿಗೆ ಒಂದು ಮಾತು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದೊಡನೆ ಎಲ್ಲವೂ ತಿಳಿದುಹೋಯಿತೆಂದು ಭಾವಿಸಬೇಡಿ. ಆ ಪತ್ರ ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಪಾಲಾಗದೆ ಉಳಿದ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳ ಹಕ್ಕನ್ನು ಅದು ಹೇಳದು, ಬಾಯಿಮಾತಿನ ಕರಾರನ್ನು ಹೇಳದು. ಪಡುವಾರಹಳ್ಳಿಯಂಥ ಹಳೆಯ ಗ್ರಾಮಠಾಣಾ ಪ್ರದೇಶದ ಅಂಚಿನಲ್ಲಿ ಕೊಳ್ಳುವುದಾದರೆ ತಾಯಿಪತ್ರವನ್ನು ಹಂಚಿಕೆಯ ಕಾಲದವರೆಗೂ ಹಿಂಬಾಲಿಸತಕ್ಕದ್ದು. ಕಾರ್ಖಾನೆಯಿದ್ದ ನೆಲವಾದರೆ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು: ಈ ನೆಲ ಕಾರ್ಖಾನೆಗೆ ಹೇಗೆ ಬಂದಿತು, ಕ್ರಯಕ್ಕೋ ಗುತ್ತಿಗೆಗೋ, ಯಾವ ಷರತ್ತಿನ ಮೇಲೆ, ಎಣ್ಣೆ, ಆಮ್ಲ, ಲೋಹದ ಕೆಲಸ ನಡೆದ ಜಾಗದಲ್ಲಿ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿದ್ದಾರೋ ಇಲ್ಲವೋ. ವಾಸ್ತು ನೋಡಿಸುವುದಕ್ಕೆ ತೋರುವ ಶ್ರದ್ಧೆಯ ಅರ್ಧದಷ್ಟನ್ನು ಇದಕ್ಕೆ ತೋರಿದರೆ ಸಾಕು.

ಮುಚ್ಚಿದ ಕಾರ್ಖಾನೆಯ ನೆಲ ಮನೆಗಳಾಗುವಾಗ ಊರಿನ ಪಾಲಿನ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಈ ಪ್ರಶ್ನೆಗೆ ಒಂದು ಕಾಲಕ್ಕೆ ಧೀರವಾದ ಉತ್ತರ ಕೊಟ್ಟದ್ದು ಮುಂಬಯಿ. 1982ರಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ನಡೆದ ಮಹಾಮುಷ್ಕರದ ತರುವಾಯ ಅಲ್ಲಿಯ ಬಟ್ಟೆ ಗಿರಣಿಗಳು ಒಂದೊಂದಾಗಿ ನಿಂತುಹೋಗಿ, ಪರೇಲು, ಲಾಲಬಾಗುಗಳ ನೂರಾರು ಎಕರೆ ನೆಲ ಚಿನ್ನವಾಗುವ ಹೊತ್ತಿಗೆ, 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮ ಹೀಗೆ ವಿಧಿಸಿತು: ಮೂರನೆಯ ಒಂದು ಪಾಲು ನಗರಕ್ಕೆ ಬಯಲಾಗಿ ಸಲ್ಲಲಿ, ಮೂರನೆಯ ಒಂದು ಪಾಲು ಸಾರ್ವಜನಿಕ ವಸತಿಗೆ ಸಲ್ಲಲಿ, ಉಳಿದದ್ದನ್ನು ಮಾಲೀಕ ಅನುಭವಿಸಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ, 2001ರಲ್ಲಿ, ತಿದ್ದುಪಡಿಯೊಂದು ಬಂದಿತು. ಹಂಚಿಕೆಯ ಲೆಕ್ಕ ಇಡೀ ನೆಲಕ್ಕಲ್ಲ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದು. ಗಿರಣಿಯ ಆವರಣವೆಂದರೆ ಬಹುಪಾಲು ಕಟ್ಟಡವೇ. ಊರಿಗೆ ದಕ್ಕಬೇಕಾದದ್ದು ಚೂರಾಗಿ ಹೋಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದೇ ವಾಕ್ಯದ ತಿದ್ದುಪಡಿಯಿಂದ ಎಷ್ಟು ಉದ್ಯಾನಗಳು, ಎಷ್ಟು ಬಡವರ ಮನೆಗಳು ಕಾಗದದ ಮೇಲೆಯೇ ಅಳಿದುಹೋದವೆಂಬುದನ್ನು ಇಂದು ಲೋವರ್ ಪರೇಲಿನ ಗಾಜಿನ ಗೋಪುರಗಳ ನಡುವೆ ನಿಂತವರು ಕಾಣಬಹುದು.

ಬೆಂಗಳೂರಿನಲ್ಲಿ ಅಷ್ಟು ಚರ್ಚೆಯೂ ನಡೆದಂತೆ ಕಾಣೆ. 1884ರ ಬಿನ್ನಿ ಮಿಲ್ಲಿನ ನೆಲದಲ್ಲಿ ವಸತಿ ಗೋಪುರಗಳೂ ಮಾಲೂ ಎದ್ದವು. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ಮಂತ್ರಿ ಸ್ಕ್ವೇರ್, ಕಿರ್ಲೋಸ್ಕರ್ ಕಾರ್ಖಾನೆಯ ನೆಲದಲ್ಲಿ ಬ್ರಿಗೇಡ್ ಗೇಟ್‌ವೇ. ಮಗ್ಗದ ಸದ್ದು ಕೇಳುತ್ತ ಬೆಳೆದ ಕಾಟನ್‌ಪೇಟೆಯ ಮಕ್ಕಳಿಗೆ ಆ ಗೋಪುರಗಳಲ್ಲಿ ಸಿಕ್ಕಿದ ಪ್ರವೇಶ ಕಾವಲುಗಾರನ ಸಮವಸ್ತ್ರದಲ್ಲಿ.

ಕಾರ್ಮಿಕರ ಬಾಕಿಯ ವಿಚಾರದಲ್ಲಾದರೂ ಕಾನೂನು ನ್ಯಾಯದ ಕಡೆ ಒಂದಿಷ್ಟು ವಾಲಿದೆ. ಕಂಪನಿ ಕಾಯಿದೆಯ 1985ರ ತಿದ್ದುಪಡಿಯಿಂದ, ಸಮಾಪನೆಗೊಂಡ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಕಾರ್ಮಿಕರ ಬಾಕಿ ಭದ್ರತೆಯುಳ್ಳ ಸಾಲದಾತರ ಬಾಕಿಗೆ ಸಮಾನವಾಗಿ ನಿಲ್ಲುವಂತಾಯಿತು. ಸಮಾನತೆ ಬಂದರೂ ಶೀಘ್ರತೆ ಬರಲಿಲ್ಲ. ಅಧಿಕೃತ ಸಮಾಪಕನ ಕಡತ ಮುಂದಕ್ಕೆ ಸರಿಯುವ ವೇಗದಲ್ಲಿ ಎಷ್ಟು ಮಂದಿ ಫಿಟ್ಟರು ಟರ್ನರುಗಳು ಕಣ್ಣು ಮುಚ್ಚಿದರೋ!

ಊರು ಮನಸ್ಸು ಮಾಡಿದರೆ ಮಾರಾಟದ ನಡುವೆ ಕೈಯಿಟ್ಟು ತಡೆಯಬಲ್ಲದೆಂಬುದಕ್ಕೆ ದೃಷ್ಟಾಂತ ಜಯಲಕ್ಷ್ಮಿಪುರಂನ ಪಕ್ಕದಲ್ಲಿಯೇ ಇದೆ. ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರು ಕಟ್ಟಿಸಿಕೊಂಡಿದ್ದ ಮನೆ ಕೈಬದಲಾಗಿ, 2011ರಲ್ಲಿ ಅದನ್ನು ಕೆಡವುವ ಕೆಲಸ ಆರಂಭವೂ ಆಗಿತ್ತು. ಕೂಗೆದ್ದಿತು, ಸರ್ಕಾರ ತಡೆಯಿತು, ಮಹಾನಗರಪಾಲಿಕೆ ಮನೆಯನ್ನು ವಶಕ್ಕೆ ತೆಗೆದುಕೊಂಡು ದುರಸ್ತಿ ಮಾಡಿಸಿತು, 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಇಷ್ಟು ಗೌರವವೇಕೆಂದು ಆಗ ಕೆಲವರು ಆಕ್ಷೇಪಿಸಿದರು. ಅದು ಕ್ಷುದ್ರ ಆಕ್ಷೇಪವೆಂದೇ ನನ್ನ ಅಭಿಪ್ರಾಯ. ಆದರೆ ಒಬ್ಬ ಲೇಖಕನ ಒಂದು ಮನೆಗಾಗಿ ಎದ್ದ ದನಿ, ಸಾವಿರಾರು ಮಂದಿಯ ಅನ್ನದ ನೆಲೆಯಾಗಿದ್ದ ಕಾರ್ಖಾನೆಯ ಆವರಣದ ಭವಿಷ್ಯಕ್ಕಾಗಿ ಅಷ್ಟೇ ಬಲವಾಗಿ ಏಳಲಿಲ್ಲ. ಒಂದು ಯಂತ್ರವನ್ನೋ ಒಂದು ಹೆಬ್ಬಾಗಿಲನ್ನೋ ಉಳಿಸಿಕೊಂಡು, ಇಲ್ಲಿ ಇಂಥದೊಂದು ದುಡಿಮೆ ನಡೆಯಿತೆಂದು ಬರೆಸುವ ಸೌಜನ್ಯ ದೊಡ್ಡ ವೆಚ್ಚದ್ದೇನೂ ಅಲ್ಲ.

ಸ್ಮಾರಕಕ್ಕಿಂತ ಮುಖ್ಯವಾದದ್ದು ವಾಸ. ಇಂದು ಜಯಲಕ್ಷ್ಮಿಪುರಂನ ಮನೆಗಳಲ್ಲಿ ಅಡುಗೆ ಮಾಡುವವರು, ವೃದ್ಧರನ್ನು ನೋಡಿಕೊಳ್ಳುವವರು, ಕಾಲೇಜಿನ ಅತಿಥಿ ಉಪನ್ಯಾಸಕರು, ಅಂಗಡಿಯ ಹುಡುಗರು, ಇವರಲ್ಲಿ ಎಷ್ಟು ಮಂದಿ ಅದೇ ಬಡಾವಣೆಯಲ್ಲಿ ಬಾಡಿಗೆಗಾದರೂ ಇರಬಲ್ಲರು? ಕಾರ್ಖಾನೆಗಳ ಕಾಲದಲ್ಲಿ ಸೈಕಲ್ಲು ತುಳಿದು ಹತ್ತು ನಿಮಿಷಕ್ಕೆ ಕೆಲಸಕ್ಕೆ ಹೋಗುವ ದೂರದಲ್ಲಿ ವಠಾರಗಳಿದ್ದವು. ಈಗ ವಠಾರವಿದ್ದಲ್ಲಿ ಹೋಮ್‌ಸ್ಟೇ.

ನನ್ನ ತೀರ್ಮಾನ ಇಷ್ಟು. ಮಾರುವವನ ಹಕ್ಕನ್ನು ಕಿತ್ತುಕೊಳ್ಳುವುದು ಬೇಡ. ಎಷ್ಟೋ ಸಂದರ್ಭದಲ್ಲಿ ಆ ಮನೆಯೊಂದೇ ನಿವೃತ್ತ ದಂಪತಿಗಳ ಇಳಿಗಾಲದ ಊರುಗೋಲು. ಆದರೆ ಉದ್ಯಮಕ್ಕೆಂದು ಗುರುತಿಸಿದ್ದ ನೆಲ ವಸತಿಗೆ ಬದಲಾಗಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಪ್ರಾಧಿಕಾರದ ಅನುಮತಿ ಬೇಕೇ ಬೇಕು. ಆ ಅನುಮತಿಯ ಕಾಗದಕ್ಕೆ ಮುದ್ರೆ ಬೀಳುವ ಕ್ಷಣದಲ್ಲಿ ನೆಲದ ಬೆಲೆ ಹಲವು ಪಟ್ಟು ಏರುತ್ತದೆ. ಏರಿಸಿದ್ದು ಊರಿನ ಮುದ್ರೆ. ಆದುದರಿಂದ ಆ ಕ್ಷಣದಲ್ಲಿಯೇ ಊರು ತನ್ನ ಪಾಲನ್ನು ಕೇಳಬೇಕು, ಒಂದಂಶ ಬಯಲು, ಒಂದಂಶ ಸಾಮಾನ್ಯ ಸಂಬಳದವರ ಕೈಗೆಟುಕುವ ಸಣ್ಣ ಬಾಡಿಗೆ ಮನೆಗಳು ಎಂದು. ಅದನ್ನು ಮುಂಬಯಿಯಂತೆ ಹತ್ತು ವರ್ಷದ ನಂತರ ಹಿಂಬಾಗಿಲಿನಿಂದ ಸಡಿಲಿಸದಂತೆ ಕ್ರಯಪತ್ರದಲ್ಲಿಯೇ ನಮೂದಿಸಬೇಕು. 2024ರಲ್ಲಿ ಬದಲಿ ನಿವೇಶನಗಳ ಹಂಚಿಕೆಯ ವಿವಾದ ರಾಜ್ಯದ ರಾಜಕಾರಣವನ್ನೇ ಅಲುಗಾಡಿಸಿದುದನ್ನು ಕಂಡ ಮೈಸೂರಿಗೆ, ನಿವೇಶನವೆಂಬುದು ಖಾಸಗಿ ವಿಷಯ ಮಾತ್ರವಲ್ಲವೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇನ್ನು ಸಣ್ಣ ಅಪಾರ್ಟ್‌ಮೆಂಟುಗಳ ವಿಷಯ. ಐನೂರು ಚದರ ಮೀಟರು, ಎಂಟು ವಸತಿ ಎಂಬ ಮಿತಿಯನ್ನು ಅಗತ್ಯವೆಂದು ಕಂಡಲ್ಲಿ ರಾಜ್ಯ ಸರ್ಕಾರ ಇಳಿಸಬಹುದೆಂದು ರೇರಾ ಕಾಯಿದೆಯ ಅದೇ ಪ್ರಕರಣ ಹೇಳುತ್ತದೆ. ಕರ್ನಾಟಕ ಸರ್ಕಾರ ಆ ಮಿತಿಯನ್ನು ಇನ್ನೂರು ಚದರ ಮೀಟರಿಗೂ ಮೂರು ವಸತಿಗೂ ಇಳಿಸಲಿ. ಅರವತ್ತು ನಲವತ್ತರ ನಿವೇಶನದಲ್ಲಿ ಮನೆ ಕೊಳ್ಳುವವನಿಗೂ ಗೋಪುರದಲ್ಲಿ ಕೊಳ್ಳುವವನಿಗಿರುವ ರಕ್ಷಣೆ ದೊರೆಯಲಿ. ಅದಕ್ಕೆ ಹೊಸ ಕಾನೂನು ಬೇಡ, ವಿಧಾನಮಂಡಲದ ಅಧಿವೇಶನ ಬೇಡ. ಸರ್ಕಾರದ ಒಂದು ಅಧಿಸೂಚನೆ ಸಾಕು.